ಬೋರ್ಡಿನ ಮೇಲಿನ ಅಡಿಗೆಮನೆ

ಹುಬ್ಬಳ್ಳಿಯಲ್ಲಿ ಬಟ್ಟೆ ಹೊಲಿಯುವ ನೀಲವ್ವ ಬಸ್ಸಿಳಿದು ತಲೆಯೆತ್ತಿದರೆ, ಜಾಹೀರಾತಿನ ಬೋರ್ಡಿನ ಮೇಲೆ ಅವಳದೇ ಅಡಿಗೆಮನೆ! ಅವಳ ಸೊಸೆ ಫೇಸ್‌ಬುಕ್ಕಿಗೆ ಹಾಕಿದ್ದ ಫೋಟೊ ಅದು. ಬಡಗಿ ಮೌಲಾಸಾಬ ಮಾಡಿಕೊಟ್ಟ ಕಪಾಟುಗಳ ಕೆಳಗೆ, ‘ನಮ್ಮ ವಿನ್ಯಾಸ, ಹತ್ತು ವರ್ಷ ಗ್ಯಾರಂಟಿ’ ಎಂಬ ಬರಹ, ಜೊತೆಗೆ ಯಾರೋ ಡಿಸೈನರ್ ವಿಶ್ವಜಿತ್‌ನ ಹೆಸರು, ವಿಳಾಸ.

ನೀಲವ್ವನ ಮೈ ಉರಿಯಿತು. ನೇರ ಅವನ ಆಫೀಸಿಗೆ ನಡೆದಳು.

“ಅದು ನಮ್ಮ ಮನಿ. ಮಾಡಿದಾಂವ ಮೌಲಾಸಾಬ. ಬೋರ್ಡ್ ಇಳಸ್ರಿ.”

ವಿಶ್ವಜಿತ್ ತಲೆ ಎತ್ತಲೂ ಇಲ್ಲ. “ಲೈಸೆನ್ಸ್ ಇರೋದು ನನಗೆ, ಆ ಬಡಗಿಗಲ್ಲ. ನನ್ನ ಕೆಲಸ ಅಂದ್ರೆ ನನ್ನ ಕೆಲಸ. ಬಾಯಿ ಮುಚ್ಚಿಕೊಂಡು ಹೋಗು.”

ನೀಲವ್ವ ಹಲ್ಲು ಕಚ್ಚಿ ಹೊರಬಂದಳು. ಮರುದಿನ ಆಫೀಸಿನ ತುಂಬ ಗಿರಾಕಿಗಳಿದ್ದ ಹೊತ್ತು ನೋಡಿ ಮತ್ತೆ ಒಳಹೊಕ್ಕಳು.

“ಸಾಹೇಬ್ರ, ಬೋರ್ಡಿನ್ಯಾಗಿರೋ ಅಡಿಗಿಮನಿ ನಂದು. ಅದು ನಿಮ್ಮ ಕೆಲಸಾ ಅಂತ ನಿನ್ನಿ ನೀವ ಹೇಳೀರಿ. ಹತ್ತು ವರ್ಷದಾಗ ಏನ ಮುರದ್ರೂ ನೀವ ಜವಾಬ್ದಾರಿ ಅಂತ ಬರದು ಸಹಿ ಮಾಡ್ರಿ. ಈ ಮಂದಿ ಸಾಕ್ಷಿ.”

ವಿಶ್ವಜಿತ್ ಮೇಜು ಗುದ್ದಿದ. “ಯಾವನೋ ಮಾಡಿದ್ದಕ್ಕೆ ನಾನ್ಯಾಕೆ ಸಹಿ ಮಾಡಲಿ?”

ಆಡಿದ ಮಾತು ಅವನಿಗೇ ತಿರುಗಿ ಕೇಳಿಸಿತೇನೋ, ಮುಖ ಬಿಳುಚಿತು.

ನೀಲವ್ವ ಗಿರಾಕಿಗಳತ್ತ ತಿರುಗಿದಳು. “ಆ ‘ಯಾವನೋ’ಗ ಒಂದು ಹೆಸರೈತ್ರಿ. ಮೌಲಾಸಾಬ.”

ಮುಂದಿನ ಸಾಲಿನ ಗಂಡ ಹೆಂಡತಿ ಎದ್ದು ನಿಂತರು. “ಅವರ ಅಂಗಡಿ ಎಲ್ಲೈತ್ರಿ, ಯವ್ವಾ?”

ಸಂಜೆಯೊಳಗೆ ಬೋರ್ಡು ಇಳಿಯಿತು. ನೀಲವ್ವನ ಸಿಟ್ಟು ಇಳಿಯಲಿಲ್ಲ. “ಇಂಥಾವಗ ಲೈಸೆನ್ಸ್ ಕೊಟ್ಟೋರು ಎಲ್ಲಿ ಕುಂತಾರ?” ಎಂದು ದಾರಿ ಕೇಳುತ್ತ ಹೊರಟೇಬಿಟ್ಟಳು.