ಕವಳಿ ಗಿಡದ ಬುಡದ ಗರಿಕೆ

ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಗೌಜಲಹಕ್ಕಿ ಇದ್ದಳು. ಕಾಡು ಅಂದೆನಲ್ಲ, ಅವಳಿದ್ದ ದಿಬ್ಬದಲ್ಲಿ ಕಾಡೆಲ್ಲಿ ಉಳಿದಿತ್ತು! ಬೇಸಿಗೆಯ ಬೆಂಕಿಗೆ ಮುಳ್ಳುಪೊದೆಗಳೆಲ್ಲ ಸುಟ್ಟು ಬೂದಿಯಾಗಿದ್ದವು. ಅಡಗಲು ಜಾಗವಿಲ್ಲದೆ ಆ ವರ್ಷದ ಮರಿಗಳನ್ನೆಲ್ಲ ಹದ್ದು ಒಂದೊಂದಾಗಿ ಎತ್ತಿಕೊಂಡು ಹೋಯಿತು. ಕೆಂಚವ್ವ ಅತ್ತು ಅತ್ತು ಸುಮ್ಮನಾದಳು.

ಮೊದಲ ಮಳೆ ಬಿದ್ದಾಗ ಅವಳು ಹಳ್ಳದ ದಂಡೆಯಿಂದ ಎಳೆಯ ಕವಳಿ ಸಸಿಗಳನ್ನು ಕೊಕ್ಕಿನಲ್ಲಿ ಕಚ್ಚಿ ತಂದಳು. ಕವಳಿಯ ಮುಳ್ಳು ಸಾಮಾನ್ಯವೇ? ಅದರೊಳಗೆ ಹೊಕ್ಕ ಮರಿಯನ್ನು ಮುಟ್ಟಲು ಹದ್ದಿನ ಅಪ್ಪನಿಂದಲೂ ಆಗದು. ಹನ್ನೊಂದು ಸಸಿ ನೆಟ್ಟಳು. ‘ಬರುವ ಬೇಸಿಗೆಗೆ ಇದೇ ನನ್ನ ಮರಿಗಳ ಮನೆ’ ಅಂದುಕೊಂಡಳು.

ಆದರೆ ಮಳೆಗೆ ಸಸಿಗಿಂತ ಮೊದಲು ಎದ್ದದ್ದು ಗರಿಕೆ ಹುಲ್ಲು. ಕೆಂಚವ್ವ ಒಂದು ಸಸಿಯ ಸುತ್ತ ಮಣ್ಣು ಕೆದರಿ, ಗರಿಕೆಯನ್ನು ಬೇರುಸಹಿತ ಕಿತ್ತು, ತರಗೆಲೆ ಹರಡಿದಳು. ಅದೊಂದಕ್ಕೇ ಇಡೀ ದಿನ ಹಿಡಿಯಿತು. ಕಾಲುಗುರು ಸವೆದು ರಕ್ತ ಬಂತು.

ಆಗ ದುಂಡಪ್ಪ ಎಂಬ ಮೊಲ ಕುಪ್ಪಳಿಸುತ್ತ ಬಂದ.

“ಅಯ್ಯೋ ತಂಗೀ, ಇದೇನು ಮಾಡ್ತಿದ್ದೀ! ಹೀಗೆ ಕಿತ್ತರೆ ಎಳೇ ಸಸಿಯ ಬೇರೂ ಅಲುಗಾಡಿ ಸತ್ತುಹೋಗ್ತದೆ. ಉಳಿದ ಹತ್ತನ್ನು ನನಗೆ ಬಿಡು. ಗರಿಕೆಯನ್ನು ಹಲ್ಲಿನಲ್ಲಿ ಸೊಗಸಾಗಿ ಕತ್ತರಿಸಿ ಕೊಡ್ತೀನಿ.”

“ಅದಕ್ಕೆ ಏನು ಕೊಡಲಿ ಅಣ್ಣಾ?”

“ಛೇ ಛೇ! ಅಣ್ಣ ತಂಗಿ ನಡುವೆ ಕೂಲಿಯೇ?”

ಪುಣ್ಯಾತ್ಮ! ಗರಿಕೆಯ ತುದಿ ಕತ್ತರಿಸಿದಷ್ಟೂ ಎಳೆಯ ಚಿಗುರು ಬರುತ್ತದೆ, ಬೇರು ಕಿತ್ತರೆ ಊಟವೇ ಹೋಯಿತು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಣಿದಿದ್ದ ಕೆಂಚವ್ವನಿಗೆ ಗೊತ್ತಾಗಲಿಲ್ಲ. ಅವಳು ಅಣ್ಣನ ಮಾತು ನಂಬಿದಳು.

ಮಳೆಗಾಲವೆಲ್ಲ ದುಂಡಪ್ಪ ನಾಲ್ಕು ದಿನಕ್ಕೊಮ್ಮೆ ಬಂದು ಹೊಟ್ಟೆ ತುಂಬ ಮೇಯ್ದ. ದಿಬ್ಬ ಕ್ಷೌರ ಮಾಡಿಸಿಕೊಂಡ ಹಾಗೆ ನುಣ್ಣಗಾಯಿತು. ಕಂಡವರೆಲ್ಲ “ಎಷ್ಟು ಚೊಕ್ಕಟ!” ಎಂದು ಹೊಗಳಿದರು.

ಒಮ್ಮೆ ಕೆಂಚವ್ವ ಕೇಳಿದಳು: “ಅಣ್ಣಾ, ಸಸಿ ಯಾಕೋ ಮೇಲೇಳ್ತಿಲ್ಲ. ಒಂದಿಷ್ಟು ಬುಡ ಕೆದರಿ ನೋಡಲೇ?”

“ಕೆದರು ಮಾರಾಯ್ತಿ. ನೆಟ್ಟವಳೂ ನೀನೇ, ಕೊಲ್ಲುವವಳೂ ನೀನೇ” ಎಂದು ಅವನು ಮುಖ ತಿರುಗಿಸಿದ. ಕೆಂಚವ್ವ ಹೆದರಿ ಕೆದರದೆ ಬಿಟ್ಟಳು.

ಮಳೆ ನಿಂತಿತು. ನೆಲದಲ್ಲಿ ಉಳಿದ ತೇವವನ್ನು ಗರಿಕೆಯ ಬೇರು ಹೀರಿತು. ಹತ್ತೂ ಸಸಿಗಳು ಹಳದಿಯಾಗಿ, ಎಲೆ ಉದುರಿಸಿ, ಒಣಕಡ್ಡಿಗಳಾದವು. ಕೆಂಚವ್ವ ತಾನೇ ಕಳೆ ಕಿತ್ತಿದ್ದ ಆ ಒಂದು ಗಿಡ ಮಾತ್ರ ಮುಳ್ಳು ಬಿಟ್ಟು ಹಸಿರಾಗಿ ಹರಡಿತು. ಬೇಸಿಗೆ ಬರುವಷ್ಟರಲ್ಲಿ ಕೆಂಚವ್ವ ಇಟ್ಟ ಮೊಟ್ಟೆಯೊಡೆದು ಆರು ಮರಿಗಳು ಹೊರಬಂದವು.

ಒಂದು ಮಧ್ಯಾಹ್ನ ಹದ್ದು ಎರಗಿತು. “ಓಡಿ ಮಕ್ಕಳೇ, ಓಡಿ!” ಎಂದು ಕೆಂಚವ್ವ ಕೂಗಿದಳು. ಓಡುವುದೆಲ್ಲಿಗೆ? ಎರಡು ಮರಿಗಳು ಹಸಿರು ಗಿಡದ ಹತ್ತಿರವಿದ್ದವು, ಒಳಗೆ ನುಗ್ಗಿದವು. ಉಳಿದ ನಾಲ್ಕು ಒಣಕಡ್ಡಿಗಳ ಬುಡಕ್ಕೆ ಅವುಚಿಕೊಂಡು ನಿಂತವು. ಹದ್ದು ನಾಲ್ಕು ಸಲ ಬಂತು.

ಕೆಂಚವ್ವ ಹುಚ್ಚು ಹಿಡಿದವಳಂತೆ ನೆಲ ಕೆದರಿದಳು. ಅಯ್ಯೋ! ಮೇಲೆ ನುಣ್ಣಗಿದ್ದ ನೆಲದ ಕೆಳಗೆ ಗರಿಕೆಯ ಬೇರು ಚಾಪೆ ಹೆಣೆದ ಹಾಗೆ ಹಬ್ಬಿತ್ತು. ಹದ್ದು ಹೋದ ಮೇಲೆ ಮೇಯಲು ಬಂದ ದುಂಡಪ್ಪ ಅಲ್ಲೇ ಚಿಗುರು ಅಗಿಯುತ್ತಿದ್ದ.

“ಅಣ್ಣಾ, ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬೇರು ಕೀಳದಂತೆ ನನ್ನನ್ನು ತಡೆದೆ.”

“ನಾನೇನು ಮಾಡಲವ್ವಾ, ನಿನ್ನ ಹಣೆಬರಹ” ಎಂದ ದುಂಡಪ್ಪ. ಅಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನೆಲದ ಮೇಲೆ ಮತ್ತೆ ನೆರಳು ಸರಿಯಿತು. ದುಂಡಪ್ಪ ತಲೆ ಎತ್ತಿದ. ಓಡಿದ. ತಾನೇ ಬೋಳಿಸಿದ ಗರಿಕೆಯಲ್ಲಿ ಅವನ ಒಂದು ಕಿವಿ ಮುಚ್ಚುವಷ್ಟೂ ಮರೆ ಇರಲಿಲ್ಲ. ಹಸಿರು ಗಿಡಕ್ಕೆ ತಲೆ ತೂರಿಸಿದ, ಮೇಯ್ದು ಕೊಬ್ಬಿದ ಮೈ ಒಳಗೆ ಹೋಗಲಿಲ್ಲ. “ತಂಗೀ!” ಎಂದು ಕಿರುಚಿದ. ಹದ್ದು ಅವನನ್ನು ಎತ್ತಿಕೊಂಡು ಹೋಯಿತು. ಕೆಂಚವ್ವನಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ.

ಅವಳು ಸಂಜೆಯವರೆಗೂ ಗರಿಕೆ ಕಿತ್ತಳು, ಬೇರುಸಹಿತ, ಸತ್ತ ಗಿಡಗಳ ಬುಡದ್ದನ್ನೂ ಬಿಡದೆ. ಹೊತ್ತು ಮುಳುಗುವಾಗ ಎಂದಿನಂತೆ ಆರು ಮರಿಗಳನ್ನೂ ಒಂದೊಂದಾಗಿ ಹೆಸರು ಹಿಡಿದು ಕರೆದಳು. ಎರಡು ಬಂದವು.

ನೀತಿ: ಕಳೆಯನ್ನು ಬೇರುಸಹಿತ ಕೀಳಬೇಕು. ಅದನ್ನು ತಿಂದು ಬದುಕುವವನ ಬುದ್ಧಿಮಾತು ನಂಬಿದವರಿಗೆ ಗಿಡವೂ ಇಲ್ಲ, ನೆರಳೂ ಇಲ್ಲ.