ಸೀಳು ಕಿವಿಯ ಜಿಂಕೆ

ಬೋಸಯ್ಯನ ಬಳಿ ಬಿಲ್ಲು ಕಲಿಯಲು ಬಂದವರಲ್ಲಿ ಗಾದ್ರಿಯಷ್ಟು ಪ್ರಶ್ನೆ ಕೇಳಿದವರು ಇನ್ನೊಬ್ಬರಿಲ್ಲ. ಅವನಷ್ಟು ಸಲ ಕಾಡಿನಿಂದ ಬರಿಗೈಯಲ್ಲಿ ಬಂದವರೂ ಇನ್ನೊಬ್ಬರಿಲ್ಲ.

ಹಾಗಂತ ಅವನ ಗುರಿ ಕೆಟ್ಟದ್ದೇನಲ್ಲ. ಮರದಲ್ಲಿ ತೂಗುವ ಬೇಲದ ಕಾಯಿಗೆ ಹೊಡೆ ಎಂದರೆ ಹೊಡೆಯುತ್ತಿದ್ದ. ಅದರ ತೊಟ್ಟಿಗೆ ಹೊಡೆ ಎಂದರೂ ಹೊಡೆಯುತ್ತಿದ್ದ. ಆದರೆ ಬೇಲದ ಕಾಯಿಗೆ ಕಿವಿಯಿಲ್ಲ, ಮೂಗಿಲ್ಲ, ಓಡಲು ಕಾಲಿಲ್ಲ.

"ತಾತ, ನಾನು ಬರೋದು ಜಿಂಕೆಗೆ ಹೆಂಗೆ ಗೊತ್ತಾಗುತ್ತೆ?" ಎಂದು ಗಾದ್ರಿ ಕೇಳಿದ.

"ಜಿಂಕೆನೇ ಕೇಳು," ಎಂದ ಬೋಸಯ್ಯ.

ಹಟ್ಟಿಯ ಆಚೆ, ಹಳ್ಳದ ದಂಡೆಯಲ್ಲಿ ಬೋಸಯ್ಯನ ಗುಡಿಸಲು. ಹಟ್ಟಿಯ ಬೇಟೆಗಾರರೆಲ್ಲ ಅಲ್ಲಿಯೇ ಕಲಿತವರು. ಮುದುಕನಿಗೆ ಮಾತು ಕಡಿಮೆ. ಇದ್ದ ಮಾತಿನಲ್ಲೂ ಅರ್ಧ ಒಗಟು.

ಗಾದ್ರಿ ಪ್ರತಿ ಸಲವೂ ಬೂದಿ ತೂರಿ ಗಾಳಿ ನೋಡುತ್ತಿದ್ದ. ಹೊಟ್ಟೆಯ ಮೇಲೆ ತೆವಳುತ್ತಿದ್ದ. ಇನ್ನೇನು ಬಾಣದ ಅಳವಿಗೆ ಬಂತು ಎನ್ನುವಾಗ ಹಳ್ಳದ ಗಾಳಿ ಒಂದು ಸುತ್ತು ತಿರುಗುತ್ತಿತ್ತು. ಜಿಂಕೆ ತಲೆ ಎತ್ತುತ್ತಿತ್ತು, ಮುಂಗಾಲು ಅಪ್ಪಳಿಸುತ್ತಿತ್ತು, ಒಂದು ಕೂಗು ಹಾಕಿ ಮಾಯವಾಗುತ್ತಿತ್ತು.

ಒಂದು ದಿನ ಅವನು ತರಗೆಲೆಯನ್ನು ಬೈದ. ಇನ್ನೊಂದು ದಿನ ಕೌಜುಗದ ಹಕ್ಕಿಯನ್ನು ಬೈದ. ಮತ್ತೊಂದು ದಿನ ಬೆಳಕನ್ನೇ ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

"ಬೇರೆಯವರ ಮೇಲೂ ಗಾಳಿ ತಿರುಗುತ್ತೆ ತಾತ. ಅವರಿಗೆ ಸಿಗುತ್ತಲ್ಲ, ನನಗ್ಯಾಕೆ ಸಿಗಲ್ಲ?"

ಬೋಸಯ್ಯ ಅವನ ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಕಣ್ಣಿಗೆ ಕಟ್ಟಿದ. ಕರೆದುಕೊಂಡು ಹೋಗಿ ದಾರಿಬದಿಯ ಮರದ ಕೆಳಗೆ ಕೂರಿಸಿದ.

"ಯಾರಾದ್ರೂ ಬಂದ್ರೆ ಹೇಳು."

ಗಾದ್ರಿ ಕೂತ. ಹಕ್ಕಿ ಕೂಗಿದ್ದು ಕೇಳಿತು. ನೀರು ಹರಿಯುವುದು ಕೇಳಿತು. ಬಹಳ ಹೊತ್ತು ಬೇರೇನೂ ಇಲ್ಲ. ಆಮೇಲೆ ಅವನ ಮುಖ ಅರಳಿತು.

"ಅವ್ವ ಬರ್ತಿದಾಳೆ."

"ಹೆಜ್ಜೆ ಸಪ್ಪಳ ಕೇಳಿಸ್ತಾ?"

"ಇಲ್ಲ."

"ಬಳೆ ಸದ್ದು?"

"ಇಲ್ಲ."

"ಮತ್ತೆ?"

ಗಾದ್ರಿ ಮೂಗು ಮುಟ್ಟಿಕೊಂಡ. ಅವನು ಕಣ್ಣಿಗೆ ಕಟ್ಟಿದ್ದ ವಸ್ತ್ರ ಬಿಚ್ಚುವ ಹೊತ್ತಿಗೆ ಅವನ ತಾಯಿ ಪಾಲಮ್ಮ ದಾರಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಅವಳಿಗಿಂತ ಮೊದಲೇ ಅವಳ ಸೆರಗಿನ ಲೋಬಾನದ ವಾಸನೆ ಬಂದು ತಲುಪಿತ್ತು.

ನಡೆಯುತ್ತಿದ್ದದ್ದು ಇಷ್ಟು. ಬೇಟೆಗೆ ಹೊರಡುವ ಬೆಳಿಗ್ಗೆ ಗಾದ್ರಿ ಸ್ನಾನ ಮಾಡಿ ಬಿಲ್ಲಿಗೆ ಪೂಜೆ ಮಾಡುತ್ತಿದ್ದ. ಪಾಲಮ್ಮ ಕೆಂಡದ ಮೇಲೆ ಲೋಬಾನ ಸುರಿದು ಬಿಲ್ಲಿಗೂ ಬತ್ತಳಿಕೆಗೂ ಮಗನ ತಲೆಗೂ ಹೊಗೆ ಹಿಡಿಯುತ್ತಿದ್ದಳು. ಮಗ ಬರಿಗೈಯಲ್ಲಿ ಬಂದಷ್ಟೂ ಮುಂದಿನ ಸಲ ಇನ್ನೊಂದು ಹಿಡಿ ಹೆಚ್ಚು ಹಾಕುತ್ತಿದ್ದಳು. ಪಕ್ಕದ ಮನೆಯವರು ಕೆಮ್ಮುತ್ತಿದ್ದರು. ಜಿಂಕೆಗಳು ಬೆಟ್ಟ ದಾಟುತ್ತಿದ್ದವು.

"ಅಂದ್ರೆ ದೇವರಿಗೆ ಧೂಪ ಹಾಕೋದು ತಪ್ಪಾ ತಾತ?"

"ದೇವರಿಗೆ ಹಾಕು. ನೀನ್ಯಾಕೆ ಹಾಕಿಸ್ಕೊಂತೀಯ?"

ಅಂದಿನಿಂದ ಬಿಲ್ಲಿನ ಪೂಜೆ ಸಂಜೆಗೆ ಹೋಯಿತು. ಪಾಲಮ್ಮ ಬೋಸಯ್ಯನ ಜೊತೆ ಕೆಲವು ದಿನ ಮಾತು ಬಿಟ್ಟಳು. ಮುದುಕನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಗಾದ್ರಿ ಒಣಹುಲ್ಲಿನಲ್ಲಿ ಹೊರಳಾಡಿ ಕಾಡಿಗೆ ಹೋದ. ಈ ಸಲ ಜಿಂಕೆಗಳು ತಲೆ ಎತ್ತಲಿಲ್ಲ. ಇಷ್ಟು ಹತ್ತಿರದಿಂದ ಅವನು ಅವುಗಳನ್ನು ನೋಡಿದ್ದೇ ಇಲ್ಲ. ಪೊದೆಯ ಆಚೆ ಯಾವುದೋ ಒಂದು ಬೆನ್ನು ಕಂಡಿತು. ಅದು ತಿರುಗುತ್ತಿತ್ತೋ ನಿಂತಿತ್ತೋ ನೋಡಲಿಲ್ಲ. ಬಾಣ ಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ.

ಒಂದು ಜಿಂಕೆ ನೆಗೆಯಿತು. ಗಾದ್ರಿ "ತಾಗ್ತು!" ಎಂದು ಕೂಗಿ ಅದರ ಹಿಂದೆಯೇ ಓಡಿದ. ಬೆನ್ನು ಹತ್ತಿದವನಿಂದ ತಪ್ಪಿಸಿಕೊಳ್ಳಲು ಜಿಂಕೆಗೆ ಎಲ್ಲಿಲ್ಲದ ಬಲ ಬಂತು. ಒಂದು ಹಳ್ಳ ದಾಟುವಷ್ಟರಲ್ಲಿ ರಕ್ತದ ಹನಿಗಳೂ ನಿಂತವು, ಬೆಳಕೂ ಹೋಯಿತು.

"ತಾತ, ತಾಗ್ತು!"

"ಎಲ್ಲಿ?"

"ಹಿಂದೊಡೆಗೆ. ಗಂಡು ಜಿಂಕೆ. ಓಡುವಾಗ ಕಿವಿ ಕಂಡೆ, ಒಂದು ಕಿವಿ ಸೀಳಿತ್ತು."

"ಅದಲ್ಲ ಕೇಳಿದ್ದು. ಜಿಂಕೆ ಎಲ್ಲಿ?"

ಗಾದ್ರಿ ಕಾಡಿನ ಕಡೆ ಕೈ ತೋರಿದ. ಬೋಸಯ್ಯ ಅವನ ಬಿಲ್ಲಿನ ಹೆದೆ ಬಿಚ್ಚಿ ತನ್ನ ಸೊಂಟಕ್ಕೆ ಸುತ್ತಿಕೊಂಡ.

ಆ ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತು. ಬಾಣ ತಾಗಿದ ಮೃಗ ತಪ್ಪಿಸಿಕೊಂಡರೆ, ಅದರ ಗತಿ ಏನಾಯಿತೆಂದು ತಿಳಿಯುವವರೆಗೂ ಹೊಡೆದವನು ಬೇರೆ ಮೃಗಕ್ಕೆ ಬಿಲ್ಲೆತ್ತುವಂತಿಲ್ಲ. ಸತ್ತಿದ್ದರೆ ಎಲುಬು ತಂದು ತೋರಿಸಬೇಕು. ಗಾಯ ಮಾಯ್ದಿದ್ದರೆ ಕಣ್ಣಾರೆ ನೋಡಿ ಬಂದು ಹೇಳಬೇಕು. ಮಾಯದೆ ನರಳುತ್ತಿದ್ದರೆ ಹೊಡೆದವನೇ ಮುಗಿಸಬೇಕು. ಮುಂಗಾರಿನೊಳಗೆ ಇದು ತೀರದಿದ್ದರೆ ಬಿಲ್ಲು ಬೇರೆಯವರ ಪಾಲು. ಅವನು ಮತ್ತೆಂದೂ ಬಿಲ್ಲು ಮುಟ್ಟುವಂತಿಲ್ಲ, ಹಟ್ಟಿಯ ದನ ಕಾಯಬೇಕು.

ದನ ಕಾಯುವುದರಲ್ಲಿ ತಪ್ಪೇನಿಲ್ಲ. ಆದರೆ ಗಾದ್ರಿ ಹುಟ್ಟಿದಂದಿನಿಂದ ಬೇಡಿದ್ದು ಬಿಲ್ಲೊಂದನ್ನೇ. ಅದು ಹೋದರೆ ತಾನು ಯಾರು ಎಂದು ಅವನಿಗೇ ಗೊತ್ತಿರಲಿಲ್ಲ. ಆ ದಿನ ಅವನು ಊಟ ಬಿಟ್ಟ.

ಬರಿಗೈಯಲ್ಲೇ ಹುಡುಕಲು ಹೊರಟ. ಹಲವು ದಿನ ಏನೂ ಸಿಗಲಿಲ್ಲ. ಒಂದು ಕಮರಿಯಲ್ಲಿ ಬಿಳಿಚಿದ ಎಲುಬು ಸಿಕ್ಕವು. ಯಾವಾಗಿನದೋ, ಯಾವುದರದ್ದೋ. ಗಾದ್ರಿ ಅವುಗಳ ಮುಂದೆ ಬಹಳ ಹೊತ್ತು ನಿಂತಿದ್ದ.

ಸಂಜೆ ಕೇಳಿದ, "ತಾತ, ಜಿಂಕೆ ಎಲುಬೆಲ್ಲ ಒಂದೇ ಥರ ಇರ್ತಾವಲ್ಲ. ಯಾರಾದ್ರೂ ಬೇರೆ ಯಾವುದೋ ಎಲುಬು ತಂದಿಟ್ರೆ?"

"ನನಗೆ ಗೊತ್ತಾಗಲ್ಲ."

"ಮತ್ತೆ?"

"ನನಗೆ ಗೊತ್ತಾಗಲ್ಲ ಅಂದೆನಲ್ಲ."

ಗಾದ್ರಿ ಎಲುಬುಗಳನ್ನು ಕಮರಿಯಲ್ಲಿಯೇ ಬಿಟ್ಟ.

ಮುಂದೆ ಒಂದು ಬೆಳಿಗ್ಗೆ ಹಳ್ಳದ ಮರಳಿನಲ್ಲಿ ಒಂದು ಜಾಡು ಕಂಡಿತು. ಮೂರು ಗೊರಸು ಸರಿಯಾಗಿ ಊರಿದ್ದವು, ನಾಲ್ಕನೆಯದು ಮರಳಿನ ಮೇಲೆ ಗೆರೆ ಎಳೆದಿತ್ತು. ಜಾಡು ಹಿಡಿದು ಹೋದ. ಎಲಚಿ ಪೊದೆಯ ನೆರಳಲ್ಲಿ ಅದು ನಿಂತಿತ್ತು. ಸೀಳು ಕಿವಿ. ಹಿಂದೊಡೆಯಲ್ಲಿ ಕಪ್ಪುಗಟ್ಟಿದ ಗಾಯ.

"ಏನು ಕಂಡೆ?" ಎಂದು ಸಂಜೆ ಬೋಸಯ್ಯ ಕೇಳಿದ.

"ಜಿಂಕೆ ಕಂಡೆ."

"ಅಷ್ಟೇನಾ?" ಎಂದ ಮುದುಕ. "ನಾಳೆ ಮತ್ತೆ ಹೋಗಿ ನೋಡು."

ಮರುದಿನವೂ ಹೋದ. ಅದರ ಮರುದಿನವೂ ಹೋದ. ಮೊದಮೊದಲು ಗಾಯ ಮಾಯುತ್ತಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದವನಿಗೆ ಯಾವಾಗ ಜಿಂಕೆಯನ್ನೇ ನೋಡುವ ಹುಚ್ಚು ಹಿಡಿಯಿತೋ ತಿಳಿಯದು. ತಿನ್ನುವಾಗ ಅದು ಏಕೆ ಒಮ್ಮೊಮ್ಮೆ ತಟ್ಟನೆ ನಿಲ್ಲುತ್ತದೆ? ಕುಂಟುತ್ತಿದ್ದರೂ ನೀರಿಗೆ ಏಕೆ ದೂರದ ದಾರಿಯಲ್ಲೇ ಹೋಗುತ್ತದೆ? ಹಸಿವು, ಬಾಯಾರಿಕೆ ಮರೆತು ಕೂರುತ್ತಿದ್ದ.

"ಮುಸುವ ಕೋತಿಗಳು ಮರದ ಮೇಲೆ ಇದ್ರೇನೇ ಅದು ನೀರಿಗೆ ಇಳಿಯೋದು ತಾತ. ಮೇಲಿಂದ ಅವು ಕಾಯ್ತಾವೆ, ಕೆಳಗೆ ಇದು ಕುಡಿಯುತ್ತೆ."

"ಹೂಂ."

"ಕಾಲು ಎತ್ತೋಕೆ ಮುಂಚೆ ಸೀಳು ಕಿವಿನ ಒಂದ್ಸಲ ಪಟ್ಟಂತ ಒದರುತ್ತೆ. ಒದರದೆ ಒಂದು ಹೆಜ್ಜೆನೂ ಇಡಲ್ಲ."

"ಹೂಂ."

"ಇವತ್ತು ಎಲಚಿ ಹಣ್ಣು ತಿಂತು. ಆಮೇಲೆ ಮಲಗಿ ಮೆಲುಕು ಹಾಕ್ತಾ ಬೀಜ ಒಂದೊಂದೇ ಉಗೀತು ತಾತ! ಥೇಟ್ ನಮ್ಮವ್ವ ಉಗಿದಂಗೆ."

ಬೋಸಯ್ಯ ಗೋಡೆಗೆ ಒರಗಿದ್ದವನು ಮುಂದಕ್ಕೆ ಬಾಗಿದ. "ಹೌದಾ? ಉಗೀತಾ?"

"ಕಣ್ಣಾರೆ ಕಂಡೆ. ಮಲಗಿದ್ದ ಜಾಗದಲ್ಲಿ ಗುಡ್ಡೆ ಬಿದ್ದಿತ್ತು."

"ಎಲಾ!" ಎಂದು ಮುದುಕ ನಕ್ಕ. ಆ ಹೊತ್ತು ಇಬ್ಬರಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ನೋಡಿದವರು ಹೇಳುವುದು ಕಷ್ಟವಿತ್ತು.

ಗಾಯ ಒಣಗುತ್ತಾ ಬಂತು. ಗಾದ್ರಿ ಹಿಗ್ಗಿದ. ಪೂರ್ತಿ ಮಾಯ್ದರೆ ಋಣ ತೀರುತ್ತದೆ, ಬಿಲ್ಲು ಕೈಗೆ ಬರುತ್ತದೆ, ಜಿಂಕೆಯೂ ಉಳಿಯುತ್ತದೆ. ಇದಕ್ಕಿಂತ ಒಳ್ಳೆಯದು ಏನಿದೆ? ಸಂಜೆಯ ಪೂಜೆಯಲ್ಲಿ ಅವನು ಜಿಂಕೆಯ ಕಾಲಿಗಾಗಿಯೂ ಬೇಡಿಕೊಂಡ.

ಬೇಸಿಗೆ ಏರಿತು. ಒಂದು ದಿನ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ನೊಣ ಮುತ್ತಿದ್ದವು. ಹಿಂಡು ಮುಂದೆ ಹೋದರೆ ಇದು ಹಿಂದೆ ಉಳಿಯುತ್ತಿತ್ತು. ಕೆಲವು ದಿನಕ್ಕೆ ಹಿಂಡು ಕಾಯುವುದನ್ನೂ ಬಿಟ್ಟಿತು.

"ಹೆಂಗಿದೆ?" ಎಂದ ಬೋಸಯ್ಯ.

"ಹಂಗೇ ಇದೆ," ಎಂದ ಗಾದ್ರಿ.

ಮುದುಕ ಸೊಂಟಕ್ಕೆ ಸುತ್ತಿದ್ದ ಹೆದೆಯನ್ನು ಬಿಗಿದುಕೊಂಡ.

ಮರುದಿನ ಜಿಂಕೆ ನೀರಿಗೆ ಬಂದು ಕುಡಿಯಲಾಗದೆ ದಂಡೆಯಲ್ಲೇ ಕಾಲು ಮಡಿಚಿ ಕೂತಿತು. ಪಕ್ಕೆಲುಬುಗಳು ಎಣಿಸುವ ಹಾಗಿದ್ದವು. ದೂರದಲ್ಲಿ ಸೀಳುನಾಯಿಗಳು ಸಿಳ್ಳೆ ಹಾಕಿದವು. ಅದು ಅತ್ತ ನೋಡಿತು, ಏಳಲು ಹೋಯಿತು, ಎರಡನೇ ಸಲಕ್ಕೆ ಎದ್ದಿತು.

ಅವನು ಬಂದು ಬೋಸಯ್ಯನ ಮುಂದೆ ಕುಕ್ಕರಿಸಿದ.

"ಮಾಯಲ್ಲ ತಾತ. ನಿನ್ನೆ ಸುಳ್ಳು ಹೇಳಿದೆ."

ಬೋಸಯ್ಯ ಸೊಂಟದ ಹೆದೆ ಬಿಚ್ಚಿ ಅವನ ಕೈಗೆ ಕೊಟ್ಟ.

ಗಾದ್ರಿ ಅದನ್ನು ಹಿಡಿದುಕೊಂಡು ಕೂತೇ ಇದ್ದ. ಇಷ್ಟು ದಿನ ಬೇಕು ಬೇಕು ಎಂದದ್ದು ಈಗ ಕೈಯಲ್ಲಿತ್ತು, ಬೇಡವಾಗಿತ್ತು.

"ನೀನೇ ಹೊಡಿ ತಾತ. ನಿನ್ನ ಕೈ ತಪ್ಪಲ್ಲ."

"ನಾನು ಅದನ್ನ ನೋಡೇ ಇಲ್ಲ."

"ನಾನು ತೋರಿಸ್ತೀನಿ."

"ನೀನು ಕಂಡಷ್ಟು ತೋರಿಸೋಕಾಗುತ್ತಾ?"

ಬೆಳಗಿನ ಜಾವ ಇಬ್ಬರೂ ಹೊರಟರು. ಬೋಸಯ್ಯ ಹಿಂದೆಯೇ ಒಂದು ಬಂಡೆಯ ಮರೆಯಲ್ಲಿ ಕೂತುಬಿಟ್ಟ. ಗಾದ್ರಿ ಬೂದಿ ತೂರಿದ. ಗಾಳಿ ತಿರುಗುವ ಹೊತ್ತು ಈಗ ಅವನಿಗೆ ಗೊತ್ತಿತ್ತು. ಅದು ತಿರುಗಿ ಹೋಗಲಿ ಎಂದು ಕಾದು, ಆಮೇಲೆ ಮುಂದೆ ಸರಿದ.

ಮರದ ಮೇಲೆ ಮುಸುವ ಬಂದವು. ಜಿಂಕೆ ಬಂತು. ಕುಂಟುತ್ತಾ, ನಿಂತು ನಿಂತು ಬಂತು. ನೀರಿಗೆ ಬಾಯಿ ಇಟ್ಟಿತು.

ಗಾದ್ರಿ ಹೆದೆ ಎಳೆದ. ಪೂರ್ತಿ ಕುಡಿಯಲಿ ಎಂದು ಹಿಡಿದೇ ನಿಂತ. ಜಿಂಕೆ ಸೀಳು ಕಿವಿಯನ್ನು ಇನ್ನೂ ಒದರಿರಲಿಲ್ಲ. ಅಂದರೆ ಅದು ಹೆಜ್ಜೆ ಇಡುವುದಿಲ್ಲ. ಇಡುವುದಿಲ್ಲ ಎನ್ನುವುದು ಅವನಿಗೆ ತನ್ನ ಹೆಸರಿನಷ್ಟೇ ಖಚಿತವಾಗಿತ್ತು. ಜಿಂಕೆ ತಲೆ ಎತ್ತಿತು, ಮೂತಿಯಿಂದ ನೀರು ಹನಿಯಿತು. ಅವನು ಬಿಟ್ಟ.

ಬಾಣ ಭುಜದ ಹಿಂದೆ ನಟ್ಟಿತು. ಜಿಂಕೆ ಸ್ವಲ್ಪ ದೂರ ನಡೆದು, ನೆರಳು ಹುಡುಕಿದ ಹಾಗೆ ಒಂದು ಪೊದೆಯ ಕೆಳಗೆ ಹೋಗಿ ಮಲಗಿತು.

ಗಾದ್ರಿ ಓಡಲಿಲ್ಲ, ಕೂಗಲಿಲ್ಲ. ತಾನು ಹತ್ತಿರ ಹೋದರೆ ಅದು ಹೆದರಿ ಏಳುತ್ತದೆ. ಇದ್ದಲ್ಲೇ ಕೂತು, ಸೀಳು ಕಿವಿ ಅಲುಗುವುದು ನಿಲ್ಲುವವರೆಗೂ ನೋಡಿದ. ಆಮೇಲೆ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟ. ಇನ್ನೂ ಬೆಚ್ಚಗಿತ್ತು. ಅವನಿಗೆ ಅಳು ಬಂತು. ತಡೆಯಲಿಲ್ಲ.

ಬೋಸಯ್ಯ ಬಂದು ಪಕ್ಕದಲ್ಲಿ ನಿಂತ. ಬಾಣ ನಟ್ಟ ಜಾಗ ನೋಡಿದ. ಹಳೆಯ ಗಾಯ ನೋಡಿದ. ಆಮೇಲೆ ಬಗ್ಗಿ ಆ ಸೀಳು ಕಿವಿಯನ್ನು ಬೆರಳಿನಿಂದ ಒಮ್ಮೆ ಸವರಿದ.

ಇಬ್ಬರೂ ಜಿಂಕೆಯ ಕಾಲು ಕಟ್ಟಿ, ಬಿದಿರಿನ ಗಳುವಿಗೆ ಹಾಕಿ, ಹೆಗಲ ಮೇಲೆ ಹೊತ್ತು ಹೊರಟರು. ಹಟ್ಟಿ ಕಾಣುವ ದಿಬ್ಬದಲ್ಲಿ ಇಳಿಸಿ ಸುಧಾರಿಸಿಕೊಂಡರು. ಕೆಳಗೆ ಯಾರೋ ಇವರನ್ನು ಕಂಡು ಕೂಗು ಹಾಕಿದರು. ಇನ್ನು ಗಾದ್ರಿಯ ಬಿಲ್ಲನ್ನು ಯಾರೂ ಕೇಳುವಂತಿರಲಿಲ್ಲ.

"ತಾತ."

"ಹೂಂ."

"ಮೊದಲ ಬೇಟೆ ಆದ ದಿನ ಕುಣೀತೀನಿ ಅಂದ್ಕೊಂಡಿದ್ದೆ."

"ಸಂತೋಷ ಆಗಲಿಲ್ವಾ?"

"ಆಯ್ತು. ಅಂಬು ಸರಿಯಾಗಿ ನಟ್ಟಿದ್ದು ಕಂಡು ಆಯ್ತು. ಅದರ ಬೆನ್ನಲ್ಲೇ ಕರುಳು ಕಿತ್ತು ಬಂದಂಗಾಯ್ತು." ಗಾದ್ರಿ ಮುಖ ಒರೆಸಿಕೊಂಡ. "ಇದರ ಗುರುತು ಇತ್ತಲ್ಲ, ಅದಕ್ಕೇ ಇರಬೇಕು. ಮುಂದಿನದು ಯಾವುದೋ ಏನೋ. ಗುರುತಿಲ್ಲದ್ದಾದ್ರೆ ಇಷ್ಟು ಸಂಕಟ ಆಗಲ್ಲ, ಅಲ್ವಾ ತಾತ?"

ಬೋಸಯ್ಯ ಬಗ್ಗಿ ಗಳುವಿನ ತನ್ನ ತುದಿಯನ್ನು ಹೆಗಲಿಗೆ ಏರಿಸಿಕೊಂಡ.

"ಅದರ ಗುರುತೂ ಆಗೋವರೆಗೆ ಬಿಲ್ಲು ಎತ್ತಬೇಡ."