ಶಾನುಭೋಗರ ಕೋಟಿನ ಎಡತೋಳು

ಗಂಡ ಸತ್ತು ತವರಿಗೆ ಬಂದ ತಂಗಿಗೆ ಶಾನುಭೋಗ ತಿರುಮಲಯ್ಯನವರು ಎರಡು ಅಪ್ಪಣೆ ಕೊಟ್ಟರು.

“ಅಮಲ್ದಾರರು ಬರುವುದರೊಳಗೆ ನನ್ನ ಉಣ್ಣೆ ಕೋಟು ಹೊಲಿದು ಮುಗಿಸು. ನಾಳೆ ಕ್ಷೌರದವನು ಬರುತ್ತಾನೆ, ತಲೆ ಬೋಳಿಸಿಕೋ. ಊರವರು ಆಡಿಕೊಳ್ಳುತ್ತಿದ್ದಾರೆ.”

ತಂಗಿ ಅಳಲಿಲ್ಲ. ಮರುದಿನ ಕ್ಷೌರದವನು ಬಂದು ಜಗಲಿಯಲ್ಲಿ ಕೂತಾಗ ಅವಳು ಒಳಗೆ ಕೋಟಿನ ಎಡತೋಳು ಹೊಲಿಯುತ್ತಿದ್ದಳು.

“ಏಳು” ಎಂದರು ಅಣ್ಣ.

“ಏಳುತ್ತೇನೆ ಅಣ್ಣಯ್ಯ. ಆದರೆ ಈ ಉಣ್ಣೆ ಬಹಳ ದಪ್ಪ. ಹತ್ತು ಹೊಲಿಗೆಗೊಮ್ಮೆ ಸೂಜಿಯನ್ನು ಕೂದಲಲ್ಲಿ ಉಜ್ಜದಿದ್ದರೆ ಮೊನೆ ಇಳಿಯುವುದಿಲ್ಲ. ನನ್ನ ಕೂದಲು ಹೋದಮೇಲೆ ನಿನ್ನದೇ ಆಗಬೇಕು. ಜುಟ್ಟು ಬಿಚ್ಚಿ ಇಲ್ಲಿ ಕೂತುಕೋ, ಆಗುತ್ತದೋ ಈಗಲೇ ನೋಡಿಬಿಡೋಣ.”

“ಎಣ್ಣೆಯಲ್ಲಿ ಅದ್ದು!”

“ಕೋಟಿಗೆ ಕಲೆಯಾದರೆ ಅಮಲ್ದಾರರ ಕಣ್ಣಿಗೆ ಬೀಳುವುದಿಲ್ಲವೇ?”

ತಿರುಮಲಯ್ಯನವರು ಜುಟ್ಟು ಬಿಚ್ಚಿ ಕೂತರು. ಹತ್ತು ಹೊಲಿಗೆಯಾಯಿತು. ಸೂಜಿ ಜುಟ್ಟಿನೊಳಗೆ ಹೋಗಿ ನೆತ್ತಿಗೆ ಚುಚ್ಚಿತು. ಮತ್ತೆ ಹತ್ತಾಯಿತು. ಮತ್ತೆ ಚುಚ್ಚಿತು.

“ಇನ್ನೂ ಎಷ್ಟಿದೆ?”

“ಇದು ಬರೀ ತೋಳು, ಅಣ್ಣಯ್ಯ.”

ಅವರು ನೆತ್ತಿ ಹಿಡಿದುಕೊಂಡೇ ಜಗಲಿಗೆ ಹೋದರು. “ಕೋಟು ಮುಗಿಯಲಿ, ಆಮೇಲೆ ಹೇಳಿಕಳಿಸುತ್ತೇನೆ” ಎಂದು ಕ್ಷೌರದವನನ್ನು ವಾಪಸು ಕಳಿಸಿದರು.

ಒಳಗೆ ತಂಗಿಗೆ ಆ ಮಾತು ಕೇಳಿಸಿತು.

ಅಮಲ್ದಾರರ ಮುಂದೆ ಶಾನುಭೋಗರು ಹಳೆಯ ಕೋಟಿನಲ್ಲೇ ನಿಂತರು. ತಂಗಿ ಮುದುಕಿಯಾದರೂ ಆ ಎಡತೋಳು ಮುಗಿದಿರಲಿಲ್ಲ. ಅವಳ ತಲೆ ತುಂಬ ಬಿಳಿ ಕೂದಲಿತ್ತು.